ಅಧಿಕ ಸಾಮರ್ಥ್ಯದ ಕಾಂಕ್ರೀಟಿನ ಆರಂಭಿಕ ಕುಗ್ಗುವಿಕೆ

ಅಧಿಕ ಸಾಮರ್ಥ್ಯದ ಕಾಂಕ್ರೀಟಿನ ಆರಂಭಿಕ ಕುಗ್ಗುವಿಕೆ ಎಂದರೆ ನೀರು ಬೆರೆಸಿ ಸುರಿದ ಹೊತ್ತಿನಿಂದ ಮೊದಲ ಕೆಲವು ದಿನಗಳೊಳಗೆ ಅಂತಹ ಕಾಂಕ್ರೀಟಿನ ಗಾತ್ರದಲ್ಲಿ ಉಂಟಾಗುವ ಇಳಿಕೆ. ಸಾಮಾನ್ಯ ಕಾಂಕ್ರೀಟು ಮುಖ್ಯವಾಗಿ ಹೊರಗಿನ ಗಾಳಿಗೆ ನೀರನ್ನು ಕಳೆದುಕೊಂಡು ಕುಗ್ಗುತ್ತದೆ. ಅಧಿಕ ಸಾಮರ್ಥ್ಯದ ಕಾಂಕ್ರೀಟು ಇದರ ಜೊತೆಗೆ ಒಳಗಿನಿಂದಲೂ ಒಣಗುತ್ತದೆ. ಸಿಮೆಂಟು ತನ್ನ ಸುತ್ತಲಿನ ಅಲ್ಪ ನೀರನ್ನು ತಾನೇ ಬಳಸಿಕೊಳ್ಳುವುದರಿಂದ, ಒಂದು ಹನಿಯೂ ಹೊರಗೆ ಆವಿಯಾಗದಿದ್ದರೂ ಕುಗ್ಗುವಿಕೆ ನಡೆಯುತ್ತದೆ. ಕಾಂಕ್ರೀಟಿನ ಎಳೆತ ತಾಳುವ ಶಕ್ತಿ ಇನ್ನೂ ಬೆಳೆಯದ ಅವಧಿಯಲ್ಲಿ ಇದು ಘಟಿಸುವ ಕಾರಣ ಬಿರುಕುಗಳು ಮೂಡುವ ಸಂಭವ ಹೆಚ್ಚು.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಂತಹ ಮಲೆನಾಡು ಪ್ರದೇಶಗಳಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಮಹತ್ವವಿದೆ. ಗಾಳಿಯಲ್ಲಿ ತೇವ ತುಂಬಿರುವ ಮಳೆಗಾಲವೂ ಒಳಗಿನ ಕುಗ್ಗುವಿಕೆಯನ್ನು ತಡೆಯಲಾರದು. ಆದರೆ ಆ ಕುಗ್ಗುವಿಕೆಯಿಂದ ಮೂಡಿದ ಬಿರುಕಿನೊಳಗೆ ವರ್ಷದ ಹಲವು ತಿಂಗಳು ನೀರು ಇಳಿಯುತ್ತಿರುತ್ತದೆ.

ವ್ಯಾಖ್ಯೆ

ಘನಾಕೃತಿಯ ಮಾದರಿಯನ್ನು 28 ದಿನಗಳ ನಂತರ ಒತ್ತಿ ಪರೀಕ್ಷಿಸಿದಾಗ ದೊರೆಯುವ ಸಾಮರ್ಥ್ಯದ ಆಧಾರದ ಮೇಲೆ ಭಾರತದಲ್ಲಿ ಕಾಂಕ್ರೀಟನ್ನು ಎಂ20, ಎಂ40, ಎಂ60 ಎಂಬ ದರ್ಜೆಗಳಾಗಿ ಗುರುತಿಸಲಾಗುತ್ತದೆ. ಇಲ್ಲಿ ಸಂಖ್ಯೆಯು ಮೆಗಾಪ್ಯಾಸ್ಕಲ್‌ಗಳಲ್ಲಿರುವ ಸಾಮರ್ಥ್ಯವನ್ನು ಸೂಚಿಸುತ್ತದೆ. ಮಿಶ್ರಣ ವಿನ್ಯಾಸದ ಭಾರತೀಯ ಮಾನಕ ಐಎಸ್ 10262:2019 ಎಂ65 ಹಾಗೂ ಅದಕ್ಕಿಂತ ಮೇಲಿನ ದರ್ಜೆಗಳನ್ನು ಅಧಿಕ ಸಾಮರ್ಥ್ಯದ ಕಾಂಕ್ರೀಟು ಎಂದು ಪರಿಗಣಿಸುತ್ತದೆ. ಮನೆಗಳ ತಾರಸಿ ಮತ್ತು ಕಂಬಗಳಿಗೆ ಸಾಮಾನ್ಯವಾಗಿ ಎಂ20 ಅಥವಾ ಎಂ25 ಸಾಕಾಗುತ್ತದೆ. ದೊಡ್ಡ ಸೇತುವೆ, ಪೂರ್ವಪ್ರತಿಬಲಿತ ತೊಲೆ ಮತ್ತು ಎತ್ತರದ ಕಟ್ಟಡಗಳ ಕೆಳ ಅಂತಸ್ತಿನ ಕಂಬಗಳಲ್ಲಿ ಹೆಚ್ಚಿನ ದರ್ಜೆಗಳು ಬಳಕೆಯಾಗುತ್ತವೆ.

ಸಾಮರ್ಥ್ಯವನ್ನು ಹೆಚ್ಚಿಸುವ ಮುಖ್ಯ ಮಾರ್ಗ ನೀರು-ಸಿಮೆಂಟ್ ಅನುಪಾತವನ್ನು ಇಳಿಸುವುದು. ಎಂ20 ದರ್ಜೆಯಲ್ಲಿ ಈ ಅನುಪಾತ 0.50ರ ಆಸುಪಾಸಿನಲ್ಲಿದ್ದರೆ ಅಧಿಕ ಸಾಮರ್ಥ್ಯದ ಮಿಶ್ರಣದಲ್ಲಿ 0.30ರ ಸಮೀಪಕ್ಕೆ ಬರುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಮಿಶ್ರಣ ಸರಾಗವಾಗಿ ಹರಿಯಲೆಂದು ಸೂಪರ್‌ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕವನ್ನು ಸೇರಿಸಲಾಗುತ್ತದೆ. ಸಾಮರ್ಥ್ಯವನ್ನು ಕೊಡುವ ಈ ನೀರಿನ ಕೊರತೆಯೇ ಆರಂಭಿಕ ಕುಗ್ಗುವಿಕೆಗೂ ಕಾರಣವಾಗುತ್ತದೆ.

ಕುಗ್ಗುವಿಕೆಯ ವಿಧಗಳು

ಮೊದಲ ದಿನಗಳಲ್ಲಿ ನಾಲ್ಕು ಬಗೆಯ ಕುಗ್ಗುವಿಕೆಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ.

ಹಸಿ ಕುಗ್ಗುವಿಕೆ: ಕಾಂಕ್ರೀಟು ಇನ್ನೂ ಮೆತ್ತಗಿರುವಾಗ ಮೇಲ್ಮೈಯ ನೀರು ಬೇಗ ಆವಿಯಾಗುವುದರಿಂದ ಉಂಟಾಗುತ್ತದೆ. ಸುರಿದ ಕೆಲವೇ ಗಂಟೆಗಳಲ್ಲಿ ಚಪ್ಪಡಿಯ ಮೇಲೆ ಬಿರುಕು ಕಾಣಿಸಿಕೊಳ್ಳುತ್ತದೆ.

ಸ್ವಯಂಜನ್ಯ ಕುಗ್ಗುವಿಕೆ: ಸಿಮೆಂಟು ಒಳಗಿನ ನೀರನ್ನು ಬಳಸಿಕೊಂಡು ಸೂಕ್ಷ್ಮರಂಧ್ರಗಳನ್ನು ಬರಿದು ಮಾಡುವುದರಿಂದ ಉಂಟಾಗುತ್ತದೆ. ಕಾಂಕ್ರೀಟನ್ನು ಗಾಳಿಯಾಡದಂತೆ ಮುಚ್ಚಿಟ್ಟರೂ ಇದು ನಡೆಯುತ್ತದೆ.

ಉಷ್ಣ ಕುಗ್ಗುವಿಕೆ: ಸಿಮೆಂಟಿನ ರಾಸಾಯನಿಕ ಕ್ರಿಯೆಯಿಂದ ಬಿಸಿಯೇರಿದ ಕಾಂಕ್ರೀಟು ತಣಿಯುವಾಗ ಉಂಟಾಗುತ್ತದೆ. ಸಿಮೆಂಟು ಹೆಚ್ಚಿರುವ ಮಿಶ್ರಣದಲ್ಲಿ ಇದು ತೀವ್ರ.

ಒಣ ಕುಗ್ಗುವಿಕೆ: ಗಟ್ಟಿಯಾದ ಕಾಂಕ್ರೀಟಿನಿಂದ ತೇವ ನಿಧಾನವಾಗಿ ಹೊರಹೋಗುವುದರಿಂದ ಉಂಟಾಗುತ್ತದೆ. ಇದು ತಿಂಗಳುಗಳಿಂದ ವರ್ಷಗಳವರೆಗೆ ಮುಂದುವರಿಯುತ್ತದೆ.

ಸಾಮಾನ್ಯ ದರ್ಜೆಯ ಕಾಂಕ್ರೀಟಿನಲ್ಲಿ ಸ್ವಯಂಜನ್ಯ ಕುಗ್ಗುವಿಕೆ ನಗಣ್ಯವೆನ್ನುವಷ್ಟು ಕಡಿಮೆ. ಆದ್ದರಿಂದ ಮನೆಯ ತಾರಸಿಯಲ್ಲಿ ಕಾಣುವ ಬಿರುಕುಗಳಿಗೆ ಬಹುಪಾಲು ಹಸಿ ಕುಗ್ಗುವಿಕೆ, ಒಣ ಕುಗ್ಗುವಿಕೆ ಅಥವಾ ಅತಿಯಾದ ನೀರಿನ ಬಳಕೆ ಕಾರಣವಾಗಿರುತ್ತದೆ.

ಕಾರಣ ಮತ್ತು ಪ್ರಕ್ರಿಯೆ

ಸಿಮೆಂಟು ನೀರಿನೊಂದಿಗೆ ಸಂಯೋಗ ಹೊಂದಿ ಗಟ್ಟಿಯಾಗುವ ಕ್ರಿಯೆಯನ್ನು ಜಲೀಕರಣ ಎನ್ನುತ್ತಾರೆ. ಈ ಕ್ರಿಯೆಯಲ್ಲಿ ಉತ್ಪನ್ನದ ಒಟ್ಟು ಗಾತ್ರವು ಮೂಲ ಸಿಮೆಂಟು ಮತ್ತು ನೀರಿನ ಒಟ್ಟು ಗಾತ್ರಕ್ಕಿಂತ ಕಡಿಮೆಯಿರುತ್ತದೆ. 100 ಗ್ರಾಂ ಸಿಮೆಂಟು ಪೂರ್ಣವಾಗಿ ಜಲೀಕರಣಗೊಂಡಾಗ ಸುಮಾರು 6ರಿಂದ 7 ಮಿಲಿಲೀಟರ್‌ನಷ್ಟು ಗಾತ್ರ ಕಡಿಮೆಯಾಗುತ್ತದೆ. ಇದನ್ನು ರಾಸಾಯನಿಕ ಕುಗ್ಗುವಿಕೆ ಎಂದು ಕರೆಯಲಾಗುತ್ತದೆ.

ಕಾಂಕ್ರೀಟು ಮೆತ್ತಗಿರುವವರೆಗೆ ಈ ಇಳಿಕೆಗೆ ತಕ್ಕಂತೆ ಇಡೀ ರಾಶಿಯೇ ಕುಸಿಯುತ್ತದೆ. ಗಟ್ಟಿಕಟ್ಟಿದ ಮೇಲೆ ಹಾಗೆ ಕುಸಿಯಲು ಸಾಧ್ಯವಿಲ್ಲದ ಕಾರಣ ಒಳಗೆ ಖಾಲಿ ರಂಧ್ರಗಳು ಉಂಟಾಗುತ್ತವೆ. ಅರೆಬರಿದಾದ ರಂಧ್ರಗಳಲ್ಲಿ ಉಳಿದ ನೀರಿನ ಮೇಲ್ಮೈ ಒಳಬಾಗುತ್ತದೆ ಮತ್ತು ಮೇಲ್ಮೈ ಕರ್ಷಣದಿಂದ ರಂಧ್ರದ ಗೋಡೆಗಳನ್ನು ಒಳಕ್ಕೆಳೆಯುತ್ತದೆ. ರಂಧ್ರ ಕಿರಿದಾದಷ್ಟೂ ಎಳೆತ ಹೆಚ್ಚು. ಅಧಿಕ ಸಾಮರ್ಥ್ಯದ ಕಾಂಕ್ರೀಟಿನ ರಂಧ್ರಗಳು ಅತಿ ಸೂಕ್ಷ್ಮವಾಗಿರುವುದರಿಂದ ಅದರಲ್ಲಿ ಈ ಎಳೆತ ಪ್ರಬಲವಾಗಿರುತ್ತದೆ.

ಟಿ. ಸಿ. ಪವರ್ಸ್ 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆಸಿದ ಅಧ್ಯಯನಗಳ ಆಧಾರದ ಮೇಲೆ ರೂಪುಗೊಂಡ ಮಾದರಿಯ ಪ್ರಕಾರ, ಹೊರಗಿನಿಂದ ನೀರು ದೊರೆಯದ ಸ್ಥಿತಿಯಲ್ಲಿ ಸಿಮೆಂಟು ಪೂರ್ಣವಾಗಿ ಜಲೀಕರಣಗೊಳ್ಳಲು ನೀರು-ಸಿಮೆಂಟ್ ಅನುಪಾತ ಕನಿಷ್ಠ 0.42 ಇರಬೇಕು. ಹೊರಗಿನಿಂದ ನೀರು ದೊರೆಯುತ್ತಿದ್ದರೆ 0.36 ಸಾಕು. ಅನುಪಾತ 0.42ಕ್ಕಿಂತ ಕೆಳಗಿಳಿದಷ್ಟೂ ಒಳಗಿನ ಒಣಗುವಿಕೆ ಹೆಚ್ಚುತ್ತದೆ.

ಇತಿಹಾಸ

ಸಿಮೆಂಟು ಜಲೀಕರಣಗೊಳ್ಳುವಾಗ ಒಟ್ಟು ಗಾತ್ರ ಇಳಿಯುವುದನ್ನು ಫ್ರಾನ್ಸಿನ ರಸಾಯನವಿಜ್ಞಾನಿ ಹೆನ್ರಿ ಲೆ ಶಾತೆಲಿಯೆ 1900ರಲ್ಲಿ ವರದಿ ಮಾಡಿದನು. ಸ್ವಯಂಜನ್ಯ ಕುಗ್ಗುವಿಕೆಯನ್ನು ಪ್ರತ್ಯೇಕ ವಿದ್ಯಮಾನವಾಗಿ ಸಿ. ಜಿ. ಲಿನಾಮ್ 1934ರಲ್ಲಿ ವಿವರಿಸಿದನು. ಆ ಕಾಲದ ಕಾಂಕ್ರೀಟಿನಲ್ಲಿ ನೀರು ಧಾರಾಳವಾಗಿರುತ್ತಿದ್ದುದರಿಂದ ವಿಷಯಕ್ಕೆ ಹೆಚ್ಚು ಗಮನ ದೊರೆಯಲಿಲ್ಲ. ಸೂಪರ್‌ಪ್ಲಾಸ್ಟಿಸೈಸರ್ ಮತ್ತು ಸಿಲಿಕಾ ಫ್ಯೂಮ್ ಬಳಕೆಗೆ ಬಂದು ನೀರಿನ ಅನುಪಾತ ಇಳಿದ ಮೇಲೆ, 1990ರ ದಶಕದಲ್ಲಿ ಜಪಾನ್ ಮತ್ತು ಯುರೋಪಿನಲ್ಲಿ ವ್ಯಾಪಕ ಸಂಶೋಧನೆ ನಡೆಯಿತು. ನೀರು ಹೀರಿದ ಹಗುರ ಜಲ್ಲಿಯನ್ನು ಒಳಗಿನ ನೀರಿನ ಆಕರವಾಗಿ ಬಳಸುವ ಸಲಹೆಯನ್ನು ರಾಬರ್ಟ್ ಫಿಲಿಯೊ 1991ರಲ್ಲಿ ಮುಂದಿಟ್ಟನು. ಡೆನ್ಮಾರ್ಕಿನ ಓ. ಎಂ. ಯೆನ್ಸನ್ ಮತ್ತು ಪಿ. ಎಫ್. ಹಾನ್ಸನ್ 2001ರಲ್ಲಿ ಅತಿಹೀರಕ ಪಾಲಿಮರ್‌ಗಳ ಬಳಕೆಯನ್ನು ಪ್ರತಿಪಾದಿಸಿದರು.

ಪ್ರಮಾಣ

ಐಎಸ್ 456:2000 ಮಾನಕವು ಪ್ರಯೋಗದ ಅಂಕಿಅಂಶಗಳಿಲ್ಲದಿದ್ದಾಗ ಒಟ್ಟು ಕುಗ್ಗುವಿಕೆಯನ್ನು ಉದ್ದದ 0.0003 ಭಾಗವೆಂದು ಊಹಿಸಿಕೊಳ್ಳಲು ಅನುಮತಿಸುತ್ತದೆ. ಇದು 10 ಮೀಟರ್ ಉದ್ದಕ್ಕೆ 3 ಮಿ.ಮೀ.ಗೆ ಸಮ. ಕಾಂಕ್ರೀಟ್ ಸೇತುವೆಗಳಿಗೆ ಸಂಬಂಧಿಸಿದ ಐಆರ್‌ಸಿ:112 ಸಂಹಿತೆಯು ಸ್ವಯಂಜನ್ಯ ಕುಗ್ಗುವಿಕೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಿಡಿಯುತ್ತದೆ. ಅದರಂತೆ ಅಂತಿಮ ಸ್ವಯಂಜನ್ಯ ಕುಗ್ಗುವಿಕೆ ಎಂ30ರಲ್ಲಿ ಹತ್ತು ಲಕ್ಷಕ್ಕೆ 35 ಭಾಗವಿದ್ದರೆ ಎಂ60ರಲ್ಲಿ 95 ಭಾಗ. ಸಿಲಿಕಾ ಫ್ಯೂಮ್ ಬೆರೆತ, 0.30ಕ್ಕಿಂತ ಕಡಿಮೆ ಅನುಪಾತದ ಮಿಶ್ರಣಗಳಲ್ಲಿ ಇದು ಹತ್ತು ಲಕ್ಷಕ್ಕೆ ಹಲವು ನೂರು ಭಾಗಗಳನ್ನು ತಲುಪಬಹುದು. ಕಾಂಕ್ರೀಟು ಬಿರುಕು ಬಿಡದೆ ಹಿಗ್ಗಬಲ್ಲ ಮಿತಿ ಸ್ಥೂಲವಾಗಿ ಹತ್ತು ಲಕ್ಷಕ್ಕೆ 100ರಿಂದ 150 ಭಾಗ ಮಾತ್ರ. ಕುಗ್ಗಲು ಅವಕಾಶವಿಲ್ಲದಂತೆ ಎರಡೂ ತುದಿಗಳಲ್ಲಿ ಬಂಧಿತವಾದ ಭಾಗವು ಬಿರುಕು ಬಿಡುವುದಕ್ಕೆ ಇದೇ ಕಾರಣ. ಎಳೆತವು ನಿಧಾನವಾಗಿ ಏರಿದಾಗ ಕಾಂಕ್ರೀಟಿನ ಸಡಿಲಿಕೆಯಿಂದ ಅದರ ಒಂದು ಪಾಲು ಶಮನವಾಗುತ್ತದೆ.

ಮಲೆನಾಡಿನ ಹವಾಮಾನ ಮತ್ತು ಕುಗ್ಗುವಿಕೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ.ಗೂ ಅಧಿಕ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಆರ್ದ್ರತೆ ಬಹಳ ಹೆಚ್ಚಿರುವುದರಿಂದ ಹಸಿ ಕುಗ್ಗುವಿಕೆ ಮತ್ತು ಒಣ ಕುಗ್ಗುವಿಕೆಗಳ ಭಯ ಕಡಿಮೆ. ಮಳೆಗಾಲದ ಕಾಂಕ್ರೀಟಿಗೆ ಪ್ರತ್ಯೇಕವಾಗಿ ನೀರುಣಿಸಬೇಕಿಲ್ಲ ಎಂಬ ಅಭಿಪ್ರಾಯಕ್ಕೆ ಇದೇ ಆಧಾರ. ಸಾಮಾನ್ಯ ದರ್ಜೆಯ ಕಾಂಕ್ರೀಟಿನ ಮಟ್ಟಿಗೆ, ಮಳೆ ಬಿಡುವಿಲ್ಲದೆ ಸುರಿಯುತ್ತಿದ್ದರೆ, ಈ ಅಭಿಪ್ರಾಯದಲ್ಲಿ ಸ್ವಲ್ಪ ಸತ್ಯವಿದೆ. ಅಧಿಕ ಸಾಮರ್ಥ್ಯದ ಕಾಂಕ್ರೀಟಿಗೆ ಇದು ಅನ್ವಯಿಸುವುದಿಲ್ಲ. ಅದರ ಒಳಗಿನ ಒಣಗುವಿಕೆಗೂ ಹೊರಗಿನ ಗಾಳಿಯ ತೇವಕ್ಕೂ ನೇರ ಸಂಬಂಧವಿಲ್ಲ.

ಮಳೆ ನಿಂತ ನಂತರದ ತಿಂಗಳುಗಳು ನಿರ್ಮಾಣ ಕಾರ್ಯದ ಮುಖ್ಯ ಅವಧಿ. ಜನವರಿಯಿಂದ ಏಪ್ರಿಲ್‌ವರೆಗೆ ಹಗಲಿನ ಬಿಸಿಲು, ಒಣಗಾಳಿ ಮತ್ತು ಚಳಿಗಾಲದ ರಾತ್ರಿಯ ತಂಪು ಸೇರಿ ಪರಿಸ್ಥಿತಿಯನ್ನು ಬದಲಿಸುತ್ತವೆ. ವಿಶಾಲವಾದ ಹಿನ್ನೀರಿನ ಮೇಲೆ ತಡೆಯಿಲ್ಲದೆ ಬೀಸುವ ಗಾಳಿಯು ಆವಿಯಾಗುವಿಕೆಯನ್ನು ಹೆಚ್ಚಿಸುತ್ತದೆ. ಹಗಲಿನಲ್ಲಿ ಸುರಿದ, ಜಲೀಕರಣದಿಂದ ಬಿಸಿಯಾದ ಕಾಂಕ್ರೀಟಿನ ಮೇಲ್ಮೈ ರಾತ್ರಿ ತಣಿಯುವಾಗ ಉಷ್ಣ ಕುಗ್ಗುವಿಕೆಯೂ ಜೊತೆಗೂಡುತ್ತದೆ.

ಶರಾವತಿ ಹಿನ್ನೀರಿನ ಸೇತುವೆ

ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ನಿರ್ಮಾಣವಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಮರಿ, ಕಳಸವಳ್ಳಿ ಮತ್ತು ಸಿಗಂದೂರು ಭಾಗದ ಹಳ್ಳಿಗಳನ್ನು ಸಾಗರ ಪಟ್ಟಣದಿಂದ ಬೇರ್ಪಡಿಸಿತು. ದಶಕಗಳ ಕಾಲ ಅಲ್ಲಿನ ಜನ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟಬೇಕಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಲಾದ, ಸುಮಾರು 2.4 ಕಿ.ಮೀ. ಉದ್ದದ ಸೇತುವೆಯನ್ನು 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಇದು ಸಿಗಂದೂರು ಸೇತುವೆ ಎಂದು ಪ್ರಸಿದ್ಧವಾಗಿದೆ. ಇದರ ಮುಖ್ಯ ಭಾಗವನ್ನು ಕೇಬಲ್‌ಗಳು ಆಧರಿಸಿವೆ.

ಕೇಬಲ್ ಆಧಾರದ ಸೇತುವೆಗಳ ಕಾಂಕ್ರೀಟ್ ಹಾಸನ್ನು ಸಾಮಾನ್ಯವಾಗಿ ಖಂಡಖಂಡವಾಗಿ ಕಟ್ಟಲಾಗುತ್ತದೆ. ಪ್ರತಿ ಖಂಡಕ್ಕೂ ಉಕ್ಕಿನ ತಂತಿಗಳನ್ನು ಎಳೆದು ಬಿಗಿದ ಮೇಲೆಯೇ ಮುಂದಿನ ಖಂಡದ ಕೆಲಸ ಆರಂಭವಾಗುತ್ತದೆ. ತಂತಿ ಎಳೆಯಲು ಕಾಂಕ್ರೀಟು ಕೆಲವೇ ದಿನಗಳಲ್ಲಿ ಸಾಕಷ್ಟು ಸಾಮರ್ಥ್ಯ ಗಳಿಸಬೇಕಾದ್ದರಿಂದ ಸಿಮೆಂಟು ಹೆಚ್ಚು, ನೀರು ಕಡಿಮೆ ಇರುವ ಮಿಶ್ರಣ ಅನಿವಾರ್ಯವಾಗುತ್ತದೆ. ಹೊಸ ಖಂಡವು ಕುಗ್ಗುವಾಗ ಈಗಾಗಲೇ ಗಟ್ಟಿಯಾದ ಹಳೆಯ ಖಂಡ ಅದನ್ನು ಹಿಡಿದಿಡುತ್ತದೆ. ಆದ್ದರಿಂದ ಇಂತಹ ಸೇತುವೆಗಳಲ್ಲಿ ಆರಂಭಿಕ ಕುಗ್ಗುವಿಕೆಯ ನಿಯಂತ್ರಣ ವಿನ್ಯಾಸದ ಒಂದು ಅಂಗವಾಗಿರುತ್ತದೆ. ಬಿರುಕಿನ ಮೂಲಕ ಇಳಿದ ನೀರು ಬಿಗಿದ ತಂತಿಗಳನ್ನು ತಲುಪಿದರೆ ತುಕ್ಕು ಹಿಡಿಯುತ್ತದೆ. ಹಾಸಿನೊಳಗೆ ಅಡಗಿರುವ ಈ ಹಾನಿ ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ. ದುರಸ್ತಿಗಾಗಿ ಸೇತುವೆಯನ್ನು ಮುಚ್ಚಬೇಕಾಗಿ ಬಂದರೆ, ಬೇರೆ ಹತ್ತಿರದ ದಾರಿಯಿಲ್ಲದ ಊರುಗಳಿಗೆ ಅದರ ಪರಿಣಾಮ ನೇರವಾಗಿ ತಟ್ಟುತ್ತದೆ.

ಕಡಿಮೆಗೊಳಿಸುವ ವಿಧಾನಗಳು

ಮಿಶ್ರಣದ ಆಯ್ಕೆ

ಕುಗ್ಗುವುದು ಸಿಮೆಂಟಿನ ಪೇಸ್ಟೇ ಹೊರತು ಜಲ್ಲಿಯಲ್ಲ. ಆದ್ದರಿಂದ ಜಲ್ಲಿಯ ಗಾತ್ರಗಳನ್ನು ಸರಿಯಾಗಿ ಹೊಂದಿಸಿ ಪೇಸ್ಟಿನ ಪ್ರಮಾಣವನ್ನು ಇಳಿಸುವುದು ಮೊದಲ ಹೆಜ್ಜೆ. ಎಂ-ಸ್ಯಾಂಡ್ ಬಳಸುವಾಗ ಅದರಲ್ಲಿರುವ ನುಣ್ಣನೆಯ ಪುಡಿಯ ಪ್ರಮಾಣವನ್ನು ಪರೀಕ್ಷಿಸಬೇಕಾಗುತ್ತದೆ. ಪುಡಿ ಹೆಚ್ಚಾದರೆ ನೀರಿನ ಬೇಡಿಕೆಯೂ ಹೆಚ್ಚುತ್ತದೆ. ಸಿಮೆಂಟಿನ ಒಂದು ಭಾಗದ ಬದಲಿಗೆ ಹಾರುಬೂದಿ ಬಳಸಿದರೆ ಆರಂಭಿಕ ಕುಗ್ಗುವಿಕೆ ಮತ್ತು ಬಿಸಿ ಎರಡೂ ತಗ್ಗುತ್ತವೆ, ಆದರೆ ಸಾಮರ್ಥ್ಯ ನಿಧಾನವಾಗಿ ಬೆಳೆಯುತ್ತದೆ. ಸಿಲಿಕಾ ಫ್ಯೂಮ್ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ. ಆದರೆ ರಂಧ್ರಗಳನ್ನು ಕಿರಿದಾಗಿಸುವುದರಿಂದ ಸ್ವಯಂಜನ್ಯ ಕುಗ್ಗುವಿಕೆಯನ್ನೂ ಹೆಚ್ಚಿಸುತ್ತದೆ.

ಆಂತರಿಕ ನೀರುಣಿಕೆ

ಗಟ್ಟಿಕಟ್ಟಿದ ನಂತರ ಒಳಗಿನಿಂದಲೇ ನೀರು ಒದಗುವಂತೆ ಮಾಡುವ ವಿಧಾನಕ್ಕೆ ಆಂತರಿಕ ನೀರುಣಿಕೆ ಅಥವಾ ಆಂತರಿಕ ಕ್ಯೂರಿಂಗ್ ಎಂದು ಹೆಸರು. ನೀರು ಹೀರಿದ ಹಗುರ ಜಲ್ಲಿ ಅಥವಾ ಅತಿಹೀರಕ ಪಾಲಿಮರ್ ಕಣಗಳನ್ನು ಮಿಶ್ರಣದಲ್ಲಿ ಸೇರಿಸಲಾಗುತ್ತದೆ. ಸುತ್ತಲಿನ ಸೂಕ್ಷ್ಮರಂಧ್ರಗಳು ಬರಿದಾಗತೊಡಗಿದಾಗ ಈ ಕಣಗಳಿಂದ ನೀರು ಅವುಗಳತ್ತ ಹರಿಯುತ್ತದೆ.

ಬೇಕಾಗುವ ನೀರನ್ನು ಸಿಮೆಂಟಿನ ತೂಕ, ರಾಸಾಯನಿಕ ಕುಗ್ಗುವಿಕೆ ಮತ್ತು ಜಲೀಕರಣದ ಗರಿಷ್ಠ ಪ್ರಮಾಣ ಇವುಗಳನ್ನು ಗುಣಿಸಿ ಪಡೆಯಲಾಗುತ್ತದೆ. ಉದಾಹರಣೆಗೆ, ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ 450 ಕೆ.ಜಿ. ಸಿಮೆಂಟು ಇದ್ದು ನೀರು-ಸಿಮೆಂಟ್ ಅನುಪಾತ 0.30 ಆಗಿದ್ದರೆ ಬೆರೆಸುವ ನೀರು 135 ಲೀಟರ್. ಜಲೀಕರಣದ ಗರಿಷ್ಠ ಪ್ರಮಾಣ 0.30ನ್ನು 0.36ರಿಂದ ಭಾಗಿಸಿದಾಗ ಬರುವ 0.83. ಹೀಗಾಗಿ 450, 0.07 ಮತ್ತು 0.83ರ ಗುಣಲಬ್ಧವಾದ ಸುಮಾರು 26 ಲೀಟರ್ ನೀರು ಒಳಗಿನಿಂದ ಒದಗಬೇಕು. ತನ್ನ ತೂಕದ ಶೇ. 15ರಷ್ಟು ನೀರು ಹೀರುವ ಹಗುರ ಜಲ್ಲಿಯನ್ನು ಬಳಸಿದರೆ ಸುಮಾರು 175 ಕೆ.ಜಿ. ಬೇಕಾಗುತ್ತದೆ.

ಇದೇ 26 ಲೀಟರನ್ನು ನೇರವಾಗಿ ಮಿಶ್ರಣಕ್ಕೆ ಸುರಿದರೆ ಅನುಪಾತ 0.30ರಿಂದ ಸುಮಾರು 0.36ಕ್ಕೇರಿ ಸಾಮರ್ಥ್ಯ ಇಳಿಯುತ್ತದೆ. ಕಣಗಳೊಳಗೆ ಅಡಗಿದ ನೀರು ಗಟ್ಟಿಕಟ್ಟಿದ ಬಳಿಕ ಹೊರಬರುವುದರಿಂದ ಪೇಸ್ಟಿನ ಸಾಂದ್ರತೆ ಉಳಿಯುತ್ತದೆ. ಅಂದರೆ ನೀರಿನ ಪ್ರಮಾಣದಷ್ಟೇ ಅದು ಒದಗುವ ಸ್ಥಳ ಮತ್ತು ಸಮಯವೂ ಮುಖ್ಯ. ರೆಡಿಮಿಕ್ಸ್ ವಾಹನದಲ್ಲಿ ದೂರದಿಂದ ಬಂದ ಕಾಂಕ್ರೀಟು ಬಿರುಸಾಯಿತೆಂದು ಕೆಲಸದ ಸ್ಥಳದಲ್ಲಿ ನೀರು ಸೇರಿಸುವುದನ್ನು ನಿಷೇಧಿಸುವುದೂ ಇದೇ ಕಾರಣಕ್ಕೆ.

ಅತಿಹೀರಕ ಪಾಲಿಮರನ್ನು ಸಿಮೆಂಟಿನ ತೂಕದ ಶೇ. 0.2ರಿಂದ 0.6ರಷ್ಟು ಬಳಸುವುದು ರೂಢಿ. ನೀರು ಬಿಟ್ಟುಕೊಟ್ಟ ಮೇಲೆ ಕಣಗಳ ಜಾಗದಲ್ಲಿ ಸಣ್ಣ ಪೊಳ್ಳುಗಳು ಉಳಿಯುವುದರಿಂದ ಸಾಮರ್ಥ್ಯದಲ್ಲಿ ಸ್ವಲ್ಪ ಇಳಿಕೆ ಕಾಣಬಹುದು.

ಭತ್ತದ ಹೊಟ್ಟಿನ ಬೂದಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಗಳು ಅಡಿಕೆಯ ಜೊತೆಗೆ ಭತ್ತ ಬೆಳೆಯುವ ತಾಲ್ಲೂಕುಗಳು. ಅಕ್ಕಿ ಗಿರಣಿಯ ಹೊಟ್ಟನ್ನು ಸುಟ್ಟಾಗ ಅದರ ತೂಕದ ಸುಮಾರು ಐದನೇ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಉಷ್ಣತೆಯನ್ನು ನಿಯಂತ್ರಿಸಿ ಸುಟ್ಟು ನುಣ್ಣಗೆ ಅರೆದ ಬೂದಿಯಲ್ಲಿ ಸಿಮೆಂಟಿನೊಡನೆ ವರ್ತಿಸಬಲ್ಲ ಸಿಲಿಕಾ ಅಧಿಕವಾಗಿರುತ್ತದೆ. ಐಎಸ್ 456:2000 ಈ ಬೂದಿಯನ್ನು ಖನಿಜ ಮಿಶ್ರಕಗಳ ಪಟ್ಟಿಯಲ್ಲಿ ಹೆಸರಿಸಿದೆ. ಅದರ ಕಣಗಳು ಸಿಲಿಕಾ ಫ್ಯೂಮಿನಂತೆ ಘನವಾಗಿರದೆ ರಂಧ್ರಮಯವಾಗಿರುವುದರಿಂದ ನೀರನ್ನು ಹೀರಿಟ್ಟುಕೊಂಡು ನಂತರ ಬಿಟ್ಟುಕೊಡುತ್ತವೆ. ಹೀಗಾಗಿ ಅತಿ ಕಡಿಮೆ ನೀರಿನ ಮಿಶ್ರಣಗಳಲ್ಲಿ ಇದು ಸಾಮರ್ಥ್ಯ ಮತ್ತು ಆಂತರಿಕ ನೀರುಣಿಕೆ ಎರಡಕ್ಕೂ ನೆರವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಗಿರಣಿಯ ಕುಲುಮೆಯಿಂದ ನೇರವಾಗಿ ತಂದ ಬೂದಿ ಇದಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಸುಡದ ಇಂಗಾಲ ಉಳಿದಿರಬಹುದು ಮತ್ತು ಅತಿ ಶಾಖದಿಂದ ಸಿಲಿಕಾ ಸ್ಫಟಿಕರೂಪಕ್ಕೆ ತಿರುಗಿ ನಿಷ್ಕ್ರಿಯವಾಗಿರಬಹುದು.

ಕುಗ್ಗುವಿಕೆ ತಗ್ಗಿಸುವ ರಾಸಾಯನಿಕಗಳು ಮತ್ತು ನಾರುಗಳು

1980ರ ದಶಕದಲ್ಲಿ ಜಪಾನಿನಲ್ಲಿ ಅಭಿವೃದ್ಧಿಪಡಿಸಲಾದ ಕುಗ್ಗುವಿಕೆ ತಗ್ಗಿಸುವ ರಾಸಾಯನಿಕಗಳು ರಂಧ್ರದೊಳಗಿನ ನೀರಿನ ಮೇಲ್ಮೈ ಕರ್ಷಣವನ್ನು ಇಳಿಸುತ್ತವೆ. ಸಾಮಾನ್ಯ ಪ್ರಮಾಣ ಸಿಮೆಂಟಿನ ತೂಕದ ಶೇ. 1ರಿಂದ 2. ಇವು ಗಟ್ಟಿಕಟ್ಟುವುದನ್ನು ತಡವಾಗಿಸಬಹುದು ಮತ್ತು ಸಾಮರ್ಥ್ಯವನ್ನು ಕೊಂಚ ಇಳಿಸಬಹುದು. ಗಟ್ಟಿಯಾಗುವಾಗ ಹಿಗ್ಗುವ ಕ್ಯಾಲ್ಸಿಯಂ ಸಲ್ಫೋಅಲ್ಯುಮಿನೇಟ್‌ನಂತಹ ವಸ್ತುಗಳು ಕುಗ್ಗುವಿಕೆಯನ್ನು ಸರಿದೂಗಿಸುತ್ತವೆ. ಆದರೆ ಅವುಗಳಿಗೆ ನೀರು ಸತತವಾಗಿ ಒದಗಬೇಕು.

ಘನ ಮೀಟರಿಗೆ ಸುಮಾರು 0.9 ಕೆ.ಜಿ.ಯಷ್ಟು ಪಾಲಿಪ್ರೊಪಿಲೀನ್ ನಾರು ಬೆರೆಸಿದರೆ ಹಸಿ ಕುಗ್ಗುವಿಕೆಯ ಬಿರುಕುಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ನಾರು ಸ್ವಯಂಜನ್ಯ ಕುಗ್ಗುವಿಕೆಯನ್ನು ನಿಲ್ಲಿಸುವುದಿಲ್ಲ.

ಹೊರಗಿನ ನೀರುಣಿಕೆ

ತಾರಸಿಯ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸುವುದು, ಒಣಹುಲ್ಲು ಹರಡಿ ತೇವವಾಗಿಡುವುದು ಮಲೆನಾಡಿನಲ್ಲಿ ರೂಢಿಯಲ್ಲಿರುವ ಕ್ರಮಗಳು. ಐಎಸ್ 456:2000ರಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟು ಅಥವಾ ಖನಿಜ ಮಿಶ್ರಕ ಬಳಸಿದಾಗ ಕನಿಷ್ಠ 10 ದಿನ ನೀರುಣಿಸಬೇಕು. ಎರಡನೆಯ ಸಂದರ್ಭದಲ್ಲಿ ಇದನ್ನು 14 ದಿನಗಳಿಗೆ ವಿಸ್ತರಿಸಲು ಮಾನಕ ಶಿಫಾರಸು ಮಾಡುತ್ತದೆ.

ಅಧಿಕ ಸಾಮರ್ಥ್ಯದ ಕಾಂಕ್ರೀಟಿನಲ್ಲಿ ದಿನಗಳ ಸಂಖ್ಯೆಗಿಂತ ಆರಂಭದ ಗಳಿಗೆ ನಿರ್ಣಾಯಕ. ಜಲೀಕರಣ ಮುಂದುವರಿದಂತೆ ಸೂಕ್ಷ್ಮರಂಧ್ರಗಳ ಪರಸ್ಪರ ಸಂಪರ್ಕ ಕಡಿದುಹೋಗಿ ಹೊರಗಿನ ನೀರು ಒಳಗೆ ಇಳಿಯಲಾರದು. ಪವರ್ಸ್ ಮತ್ತು ಸಂಗಡಿಗರು 1959ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಹೀಗಾಗಲು ತಗಲುವ ಅವಧಿ:

ಅನುಪಾತ 0.40: 3 ದಿನ
ಅನುಪಾತ 0.45: 7 ದಿನ
ಅನುಪಾತ 0.50: 14 ದಿನ
ಅನುಪಾತ 0.60: 6 ತಿಂಗಳು
ಅನುಪಾತ 0.70: 1 ವರ್ಷ

ಅನುಪಾತ 0.30ರ ಕಾಂಕ್ರೀಟಿಗೆ ಮರುದಿನ ಬೆಳಗ್ಗೆ ನೀರುಣಿಸಲು ತೊಡಗಿದರೆ ಅದು ತಡವಾದಂತೆಯೇ. ದಪ್ಪ ಭಾಗಗಳಲ್ಲಿ ಸಕಾಲದಲ್ಲಿ ಕೊಟ್ಟ ನೀರು ಕೂಡ ಮೇಲ್ಪದರವನ್ನಷ್ಟೇ ತಲುಪುತ್ತದೆ. ಆದ್ದರಿಂದ ಮೇಲ್ಮೈಯನ್ನು ನಯಗೊಳಿಸಿದ ಕೂಡಲೇ ಮಂಜಿನಂತೆ ನೀರು ಸಿಂಪಡಿಸುವುದು ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಗಟ್ಟಿಕಟ್ಟಿದ ತಕ್ಷಣ ಒದ್ದೆ ಗೋಣಿಗೆ ಬದಲಿಸುವುದು ಸೂಕ್ತ ಕ್ರಮ. ಅಧಿಕ ಸಾಮರ್ಥ್ಯದ ಕಾಂಕ್ರೀಟಿನಲ್ಲಿ ಮೇಲಕ್ಕೆ ಒಸರುವ ನೀರು ಬಹಳ ಕಡಿಮೆಯಾದ್ದರಿಂದ ಹಸಿ ಕುಗ್ಗುವಿಕೆಗೂ ಅದು ಬೇಗ ತುತ್ತಾಗುತ್ತದೆ. ಪ್ರತಿ ಚದರ ಮೀಟರಿನಿಂದ ಗಂಟೆಗೆ 1 ಕೆ.ಜಿ.ಯಷ್ಟು ನೀರು ಆವಿಯಾಗುವ ಸ್ಥಿತಿಯನ್ನು ಸಾಮಾನ್ಯ ಕಾಂಕ್ರೀಟಿಗೆ ಅಪಾಯದ ಮಟ್ಟವೆಂದು ಪರಿಗಣಿಸಲಾಗುತ್ತದೆ. ಅಧಿಕ ಸಾಮರ್ಥ್ಯದ ಮಿಶ್ರಣಕ್ಕೆ ಅದಕ್ಕಿಂತ ಕಡಿಮೆ ಮಟ್ಟದಲ್ಲೇ ಎಚ್ಚರ ಬೇಕು. ಬೇಸಿಗೆಯಲ್ಲಿ ಸಂಜೆ ಅಥವಾ ರಾತ್ರಿ ಸುರಿಯುವುದು, ಜಲ್ಲಿಯ ರಾಶಿಗೆ ನೆರಳು ಮಾಡುವುದು, ಗಾಳಿಗೆ ತಡೆ ಕಟ್ಟುವುದು ನೆರವಾಗುತ್ತವೆ.

ಪರೀಕ್ಷೆ

ಸ್ವಯಂಜನ್ಯ ಕುಗ್ಗುವಿಕೆಯನ್ನು ಅಳೆಯಲು ಸುಕ್ಕುಗಳಿರುವ, ಗಾಳಿಯಾಡದ ಪ್ಲಾಸ್ಟಿಕ್ ಕೊಳವೆಯಲ್ಲಿ ಪೇಸ್ಟು ಅಥವಾ ಗಾರೆ ತುಂಬಿ ಅದರ ಉದ್ದದ ಬದಲಾವಣೆಯನ್ನು ದಾಖಲಿಸಲಾಗುತ್ತದೆ. ಎಎಸ್‌ಟಿಎಂ ಸಿ1698 ಮಾನಕ ಈ ವಿಧಾನವನ್ನು ವಿವರಿಸುತ್ತದೆ. ಬಿರುಕಿನ ಸಾಧ್ಯತೆಯನ್ನು ತಿಳಿಯಲು ಎಎಸ್‌ಟಿಎಂ ಸಿ1581ರ ಉಂಗುರ ಪರೀಕ್ಷೆಯಿದೆ. ಉಕ್ಕಿನ ಉಂಗುರದ ಸುತ್ತ ಕಾಂಕ್ರೀಟು ಸುರಿದು, ಅದು ಕುಗ್ಗುತ್ತ ಉಂಗುರವನ್ನು ಒತ್ತಿ ಎಷ್ಟು ದಿನಗಳಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಇದರಲ್ಲಿ ಗಮನಿಸಲಾಗುತ್ತದೆ. ಉದ್ದದ ಅಳತೆಯನ್ನು ಗಟ್ಟಿಕಟ್ಟುವ ಹೊತ್ತಿನಿಂದಲೇ ಆರಂಭಿಸಬೇಕು. 24 ಗಂಟೆಗಳ ನಂತರ ಅಳೆಯತೊಡಗಿದರೆ ಅತಿ ತೀವ್ರವಾದ ಮೊದಲ ಹಂತವೇ ಲೆಕ್ಕದಿಂದ ತಪ್ಪಿಹೋಗುತ್ತದೆ.

ಮಿತಿಗಳು

ಮೇಲಿನ ಯಾವುದೇ ಒಂದು ವಿಧಾನ ಎಲ್ಲ ಬಗೆಯ ಕುಗ್ಗುವಿಕೆಗೂ ಪರಿಹಾರವಲ್ಲ. ನಾರು ಮತ್ತು ಹೊದಿಕೆ ಮೇಲ್ಮೈಯ ಹಸಿ ಬಿರುಕನ್ನು ತಡೆಯುತ್ತವೆ. ಆಂತರಿಕ ನೀರುಣಿಕೆ ಸ್ವಯಂಜನ್ಯ ಕುಗ್ಗುವಿಕೆಯನ್ನು ಮತ್ತು ಹಾರುಬೂದಿ ಜಲೀಕರಣದ ಬಿಸಿಯನ್ನು ತಗ್ಗಿಸುತ್ತವೆ. ಆಂತರಿಕ ನೀರುಣಿಕೆಯಿದ್ದರೂ ಮೇಲ್ಮೈಗೆ ಹೊರಗಿನ ರಕ್ಷಣೆ ಬೇಕೇ ಬೇಕು. ಹಗುರ ಜಲ್ಲಿ ಮತ್ತು ವಿಶೇಷ ರಾಸಾಯನಿಕಗಳ ವೆಚ್ಚ ಹೆಚ್ಚಾದ್ದರಿಂದ ಅವುಗಳ ಬಳಕೆ ದೊಡ್ಡ ಕಾಮಗಾರಿಗಳಿಗೆ ಸೀಮಿತವಾಗಿದೆ. ಎಂ20 ಅಥವಾ ಎಂ25 ದರ್ಜೆಯ ಮನೆ ನಿರ್ಮಾಣಕ್ಕೆ ಅವುಗಳ ಅಗತ್ಯವಿಲ್ಲ. ಅಲ್ಲಿ ನಿಗದಿತ ಪ್ರಮಾಣದ ನೀರು, ಸಕಾಲದ ಹೊದಿಕೆ ಮತ್ತು ಪೂರ್ಣಾವಧಿಯ ನೀರುಣಿಕೆ ಸಾಕಾಗುತ್ತವೆ.